ಸಿಡ್ನಿಯ ನೂರು ಹಿರಿಯರು ಭಾರ ಎತ್ತಿದಾಗ: ಸ್ನಾಯುಬಲ ಮತ್ತು ಮರೆವಿನ ಬಗ್ಗೆ ಒಂದು ಪ್ರಕರಣ ಅಧ್ಯಯನ

ವಯಸ್ಸಾದವರ ಮರೆವಿಗೆ ಏನು ಮಾಡಬಹುದು ಅಂತ ಕೇಳಿದರೆ ನಮ್ಮಲ್ಲಿ ಬರುವ ಸಲಹೆಗಳು ಹೆಚ್ಚುಕಡಿಮೆ ಒಂದೇ. ಒಂದೆಲಗದ ತಂಬುಳಿ ಮಾಡಿಕೊಡಿ, ಬಾದಾಮಿ ನೆನೆಸಿ ಕೊಡಿ, ಪದಬಂಧ ಬಿಡಿಸಲು ಹೇಳಿ, ಬೆಳಿಗ್ಗೆ ವಾಕಿಂಗ್ ಕಳಿಸಿ. ಭಾರ ಎತ್ತಿಸಿ ಅಂತ ಯಾರೂ ಹೇಳುವುದಿಲ್ಲ. ಹೇಳಿದರೂ ಮನೆಯವರು ಒಪ್ಪುವುದಿಲ್ಲ. ಎಪ್ಪತ್ತು ದಾಟಿದ ತಾಯಿ ನೀರಿನ ಬಕೆಟ್‌ಗೆ ಕೈ ಹಾಕಿದರೆ ಸಾಕು, "ಬಿಡಮ್ಮ, ನೀನು ಎತ್ತಬೇಡ" ಅಂತ ಮಕ್ಕಳು ಓಡಿ ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಪೂರ್ತಿ ಉಲ್ಟಾ ಹೋಯಿತು. ನೆನಪು ಆಗಲೇ ಕುಂದಲು ಶುರುವಾಗಿದ್ದ 100 ಹಿರಿಯರನ್ನು ಸೇರಿಸಿ, ಅವರಲ್ಲಿ ಸುಮಾರು ಅರ್ಧದಷ್ಟು ಜನರ ಕೈಯಲ್ಲಿ ಆರು ತಿಂಗಳು ನಿಜವಾದ ಭಾರ ಎತ್ತಿಸಿತು. ಅರ್ಧ ಕೆಜಿಯ ಬಣ್ಣಬಣ್ಣದ ಡಂಬೆಲ್ ಅಲ್ಲ. ಅವರವರ ಶಕ್ತಿಯ ತುದಿಗೆ ಹತ್ತಿರ ಬರುವಂಥ ಭಾರ. ಆಮೇಲೆ ಅವರ ಬುದ್ಧಿಶಕ್ತಿಯನ್ನು ಅಳೆಯಿತು. ಪ್ರಯೋಗದ ಹೆಸರು 'ಸ್ಮಾರ್ಟ್'. ಮುಖ್ಯ ಫಲಿತಾಂಶ ಹೊರಬಂದದ್ದು 2014ರಲ್ಲಿ. ಅದರ ಎಂಆರ್‌ಐ ಚಿತ್ರಗಳ ವಿಶ್ಲೇಷಣೆ 2020ರವರೆಗೂ ಬರುತ್ತಲೇ ಇತ್ತು. ಈ ಪ್ರಕರಣವನ್ನು ವಿವರವಾಗಿ ನೋಡೋಣ. ಹಿರಿಯರಿರುವ ಪ್ರತಿ ಮನೆಗೂ ಇದು ತಲುಪಬೇಕು ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ಆ ನೂರು ಜನ ಯಾರು

ಅವರ ಸರಾಸರಿ ವಯಸ್ಸು 70. ನೂರರಲ್ಲಿ 68 ಮಂದಿ ಹೆಂಗಸರು. ಎಲ್ಲರಿಗೂ ವೈದ್ಯರು ಎಂಸಿಐ ಅಂತ ಕರೆಯುವ ಸ್ಥಿತಿ ಇತ್ತು. ಅಂದರೆ ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಬುದ್ಧಿಶಕ್ತಿಯ ಸೌಮ್ಯ ಕುಂದು.

ಇದು ಡಿಮೆನ್ಶಿಯಾ ಅಲ್ಲ, ಅಂದರೆ ದಿನದ ಕೆಲಸವನ್ನೂ ತಾನೇ ಮಾಡಿಕೊಳ್ಳಲಾಗದಷ್ಟು ಬುದ್ಧಿಶಕ್ತಿ ಕುಂದುವ ಕಾಯಿಲೆ ಅಲ್ಲ. ಹಾಗಂತ ಎಲ್ಲ ಸರಿ ಇದೆ ಅನ್ನುವ ಹಾಗೂ ಇಲ್ಲ. ಮನುಷ್ಯ ಸ್ನಾನ, ಊಟ, ಬ್ಯಾಂಕಿನ ಕೆಲಸ ಎಲ್ಲ ತಾನೇ ನೋಡಿಕೊಳ್ಳುತ್ತಾನೆ. ಆದರೆ ನಿನ್ನೆ ಹೇಳಿದ ಮಾತು ಇವತ್ತು ಜಾರಿಹೋಗಿರುತ್ತದೆ. ಕಥೆ ಹೇಳುತ್ತಾ ಹೇಳುತ್ತಾ ದಾರಿ ತಪ್ಪುತ್ತಾನೆ. ಒಟ್ಟಿಗೆ ಎರಡು ಕೆಲಸ ಹಿಡಿದರೆ ಒಂದು ಕೈಬಿಟ್ಟುಹೋಗುತ್ತದೆ. ಪರೀಕ್ಷೆ ಮಾಡಿದರೆ ಅವನ ವಯಸ್ಸಿನ ಉಳಿದವರಿಗಿಂತ ಅಂಕ ಕಡಿಮೆ ಬರುತ್ತದೆ. ನಮ್ಮಲ್ಲಿ ಇದನ್ನು 'ಅರವತ್ತಕ್ಕೆ ಅರಳು ಮರಳು' ಅಂತ ನಕ್ಕು ಬಿಟ್ಟುಬಿಡುತ್ತೇವೆ. ಹಾಗೆ ಬಿಡಬಾರದು. ಈ ಸ್ಥಿತಿಯಲ್ಲಿರುವ ಎಲ್ಲರೂ ಡಿಮೆನ್ಶಿಯಾಕ್ಕೆ ಜಾರುವುದಿಲ್ಲ. ಕೆಲವರು ಹಾಗೇ ಉಳಿಯುತ್ತಾರೆ, ಕೆಲವರು ಮೊದಲಿನಂತೆಯೂ ಆಗುತ್ತಾರೆ. ಆದರೆ ಜಾರುವ ಅಪಾಯ ಉಳಿದವರಿಗಿಂತ ಇವರಿಗೆ ಜಾಸ್ತಿ. ಏನಾದರೂ ಮಾಡುವುದಿದ್ದರೆ ಮಾಡಬೇಕಾದ ಹೊತ್ತು ಇದೇ. ಆ ಪ್ರಯೋಗ ನಡೆದಾಗ ಎಂಸಿಐಗೆ ಅಂತಲೇ ಒಪ್ಪಿಗೆ ಪಡೆದ ಔಷಧಿ ಒಂದೂ ಇರಲಿಲ್ಲ.

ಬಾಸ್ಟನ್‌ನಲ್ಲಿ ಸಿಕ್ಕ ಧೈರ್ಯ

ಎಪ್ಪತ್ತರ ಅಜ್ಜಿಯರಿಂದ ಭಾರ ಎತ್ತಿಸುವ ಧೈರ್ಯ ಎಲ್ಲಿಂದ ಬಂತು? ಇದಕ್ಕೆ ಹಿಂದಿನ ಕಥೆಯೊಂದಿದೆ. ಸ್ಮಾರ್ಟ್ ಪ್ರಯೋಗದ ಮುಂದಾಳು ಡಾ. ಮರಿಯಾ ಫಿಯಾಟರೋನ್ ಸಿಂಗ್. ಸಿಡ್ನಿ ವಿಶ್ವವಿದ್ಯಾಲಯದಲ್ಲಿರುವ ವೃದ್ಧಾಪ್ಯ ತಜ್ಞೆ. ಸಿಡ್ನಿಗೆ ಬರುವ ಮೊದಲು ಅವರು ಅಮೆರಿಕದ ಬಾಸ್ಟನ್‌ನಲ್ಲಿದ್ದರು. ಅಲ್ಲಿನ ಹೀಬ್ರೂ ರಿಹ್ಯಾಬಿಲಿಟೇಶನ್ ಸೆಂಟರ್‌ನಲ್ಲಿದ್ದ 10 ಮಂದಿ ಬಲಹೀನ ವೃದ್ಧರಿಗೆ ಅವರು ತೊಡೆಯ ಸ್ನಾಯುವಿನ ಕಠಿಣ ವ್ಯಾಯಾಮ ಮಾಡಿಸಿದರು. ಆ ಹತ್ತು ಜನರ ಸರಾಸರಿ ವಯಸ್ಸು 90. ಹೌದು, ತೊಂಬತ್ತು. ಎಂಟು ವಾರದಲ್ಲಿ ಅವರ ಕಾಲಿನ ಬಲ ಸರಾಸರಿ 174 ಶೇಕಡಾ ಏರಿತು. ಅಂದರೆ ಮೊದಲಿದ್ದ ಬಲದ ಎರಡೂವರೆ ಪಟ್ಟಿಗೂ ಜಾಸ್ತಿ. ತೊಡೆಯ ಸ್ನಾಯುವಿನ ಗಾತ್ರ 9 ಶೇಕಡಾ ಹೆಚ್ಚಿತು. 1990ರಲ್ಲಿ ಈ ವರದಿ ಬಂದಾಗ ವೃದ್ಧರ ವೈದ್ಯಕೀಯದಲ್ಲಿ ಒಂದು ಹಳೆಯ ನಂಬಿಕೆ ಅಲ್ಲಾಡಿತು. ಮುದಿ ಸ್ನಾಯು ಬೆಳೆಯುವುದಿಲ್ಲ ಅನ್ನುವ ನಂಬಿಕೆ ಅದು.

ಅದೇ ವರದಿಯ ಇನ್ನೊಂದು ಅಂಕಿಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಆ ಬಲದಲ್ಲಿ 32 ಶೇಕಡಾ ಕರಗಿಹೋಯಿತು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಾಲ್ಕು ವರ್ಷದ ನಂತರ, 1994ರಲ್ಲಿ, ಅದೇ ತಂಡ 100 ಮಂದಿ ವೃದ್ಧಾಶ್ರಮವಾಸಿಗಳ ಮೇಲೆ ದೊಡ್ಡ ಪ್ರಯೋಗ ಮಾಡಿ ಇದನ್ನೇ ಖಚಿತಪಡಿಸಿಕೊಂಡಿತು. ಹೀಗಾಗಿ ಸಿಡ್ನಿಯಲ್ಲಿ ಸ್ಮಾರ್ಟ್ ಶುರುವಾಗುವ ಹೊತ್ತಿಗೆ 'ವಯಸ್ಸಾದವರು ಭಾರ ಎತ್ತಬಹುದೇ' ಅನ್ನುವ ಪ್ರಶ್ನೆ ಮುಗಿದಿತ್ತು. ಹೊಸ ಪ್ರಶ್ನೆ ಬೇರೆ. ಸ್ನಾಯು ಬಲವಾದರೆ ತಲೆಗೂ ಏನಾದರೂ ಲಾಭ ಇದೆಯೇ?

ಏನು ಮಾಡಿಸಿದರು

ಪ್ರಯೋಗದ ಕಟ್ಟಡ ನನಗೆ ತುಂಬಾ ಹಿಡಿಸಿದೆ. ಯಾಕೆ ಅಂತ ಹೇಳುತ್ತೇನೆ.

ಮನೆಯಲ್ಲಿ ಒಬ್ಬರೇ ಇರುವ ಹಿರಿಯರನ್ನು ವಾರಕ್ಕೆ ಎರಡು ಮೂರು ಸಲ ಒಂದು ಕಡೆ ಕರೆದು ತಂದರೆ, ನಾಲ್ಕು ಜನರ ಜೊತೆ ಮಾತಾಡಿಸಿದರೆ, ಒಬ್ಬ ತರಬೇತುದಾರ ಹೆಸರು ಹಿಡಿದು ಕರೆದು ವಿಚಾರಿಸಿದರೆ, ಅಷ್ಟಕ್ಕೇ ಅವರು ಚುರುಕಾಗುತ್ತಾರೆ. ಹಾಗಾದರೆ ಕೊನೆಗೆ ಕಂಡ ಲಾಭ ಭಾರದ್ದೋ, ಒಡನಾಟದ್ದೋ? ವ್ಯಾಯಾಮದ ಎಷ್ಟೋ ಅಧ್ಯಯನಗಳು ಎಡವುವುದು ಇಲ್ಲೇ. ಒಂದು ಗುಂಪಿಗೆ ವ್ಯಾಯಾಮ ಮಾಡಿಸಿ, ಇನ್ನೊಂದು ಗುಂಪನ್ನು ಸುಮ್ನೆ ಮನೆಯಲ್ಲಿ ಬಿಟ್ಟು ಹೋಲಿಸುತ್ತಾರೆ.

ಸಿಡ್ನಿಯವರು ಹಾಗೆ ಮಾಡಲಿಲ್ಲ. ನೂರು ಜನರನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪಿಗೆ ಹಂಚಿದರು. ಎಲ್ಲರೂ ಬರಬೇಕು, ಎಲ್ಲರೂ ಎರಡು ಕೆಲಸ ಮಾಡಬೇಕು: ಒಂದು ಮೈಯದು, ಒಂದು ತಲೆಯದು. ಮೈಯ ಕೆಲಸದಲ್ಲಿ ಎರಡು ಬಗೆ. ಕೆಲವರಿಗೆ ಮಷಿನ್‌ಗಳ ಮೇಲೆ ನಿಜವಾದ ಭಾರದ ತರಬೇತಿ. ಉಳಿದವರಿಗೆ ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸುವ, ಮೈ ಚಾಚುವ ಹಗುರ ವ್ಯಾಯಾಮ. ತಲೆಯ ಕೆಲಸದಲ್ಲೂ ಹಾಗೇ. ಕೆಲವರಿಗೆ ಕಂಪ್ಯೂಟರ್‌ನಲ್ಲಿ ನೆನಪು, ಗಮನ, ವೇಗಗಳನ್ನು ತಿದ್ದುವ ಕಸರತ್ತು. ಉಳಿದವರಿಗೆ ವಿಡಿಯೊ ನೋಡಿ ಪ್ರಶ್ನೆಗಳಿಗೆ ಉತ್ತರಿಸುವ ಕೆಲಸ. ಹೀಗೆ ಒಂದು ಗುಂಪಿಗೆ ಭಾರ ಮಾತ್ರ ನಿಜ, ಒಂದಕ್ಕೆ ಕಂಪ್ಯೂಟರ್ ಮಾತ್ರ ನಿಜ, ಒಂದಕ್ಕೆ ಎರಡೂ ನಿಜ, ಇನ್ನೊಂದಕ್ಕೆ ಎರಡೂ ತೋರಿಕೆಯದು. ತಮಗೆ ಸಿಕ್ಕಿದ್ದು ಅಸಲಿಯೋ ತೋರಿಕೆಯದೋ ಅನ್ನುವುದು ಬಂದವರಿಗೆ ಗೊತ್ತಿರಲಿಲ್ಲ. ಕೊನೆಗೆ ಅವರನ್ನು ಪರೀಕ್ಷೆ ಮಾಡಿದವರಿಗೂ ಗೊತ್ತಿರಲಿಲ್ಲ. ಮನೆಯಿಂದ ಹೊರಡುವ ಉತ್ಸಾಹ, ಮಾತುಕತೆ, ಮರ್ಯಾದೆ ಇವೆಲ್ಲ ನಾಲ್ಕೂ ಗುಂಪಿಗೆ ಸಮಾನವಾಗಿ ಸಿಕ್ಕವು. ಅದಕ್ಕೇ ಕೊನೆಗೆ ಉಳಿದ ವ್ಯತ್ಯಾಸವನ್ನು ನಾನು ಅಷ್ಟು ನಂಬುತ್ತೇನೆ.

ಭಾರದ ತರಬೇತಿ ಅಂದರೆ ಏನು ಅನ್ನುವುದನ್ನೂ ಸರಿಯಾಗಿ ಹೇಳಬೇಕು. ಕಾಲಿನಿಂದ ತಳ್ಳುವ ಲೆಗ್ ಪ್ರೆಸ್, ಮೊಣಕಾಲು ಚಾಚುವ ಮಷಿನ್, ಎದೆಯ ಮುಂದೆ ತಳ್ಳುವ ಚೆಸ್ಟ್ ಪ್ರೆಸ್, ಕೂತು ಹಿಂದಕ್ಕೆ ಎಳೆಯುವ ಸೀಟೆಡ್ ರೋ, ಇಂಥವು. ಒಂದೊಂದನ್ನೂ 8 ಸಲದಂತೆ 3 ಸುತ್ತು. ಮೊದಲು ಆ ಮನುಷ್ಯ ಒಂದೇ ಒಂದು ಸಲ ತಳ್ಳಬಲ್ಲ ಗರಿಷ್ಠ ಭಾರ ಎಷ್ಟು ಅಂತ ನೋಡುತ್ತಾರೆ. ಜಿಮ್‌ನವರು ಇದನ್ನು ಒನ್ ರೆಪ್ ಮ್ಯಾಕ್ಸ್ ಅನ್ನುತ್ತಾರೆ. ತರಬೇತಿಯ ಭಾರ ಅದರ ಸುಮಾರು 80 ಶೇಕಡಾ. ಒಬ್ಬ ಅಜ್ಜಿ ಲೆಗ್ ಪ್ರೆಸ್‌ನಲ್ಲಿ ಒಮ್ಮೆ 50 ಕೆಜಿ ತಳ್ಳಬಲ್ಲರು ಅಂತಿಟ್ಟುಕೊಳ್ಳಿ. ಅವರಿಗೆ ಕೊಡುವುದು 40 ಕೆಜಿ. ಎಂಟು ಸಲ ಮುಗಿಯುವಷ್ಟರಲ್ಲಿ ಕಾಲು ನಡುಗುತ್ತದೆ. ಸ್ವಲ್ಪ ದಿನದಲ್ಲಿ 40 ಕೆಜಿ ಸಲೀಸಾಗುತ್ತದೆ. ಆಗ ಭಾರ ಏರಿಸುತ್ತಾರೆ. ಬಲ ಹೆಚ್ಚಿದಂತೆ ಭಾರವೂ ಹೆಚ್ಚುತ್ತಾ ಹೋಗಬೇಕು. ಇಡೀ ವಿಷಯದ ಜೀವಾಳ ಇದೇ.

ವಾರಕ್ಕೆ ಎರಡರಿಂದ ಮೂರು ದಿನ, ಆರು ತಿಂಗಳು. ಪಕ್ಕದಲ್ಲೇ ನಿಂತು ನೋಡಿಕೊಳ್ಳುವ ತರಬೇತುದಾರರು. ಶುರುವಿನಿಂದ 18 ತಿಂಗಳಾದಾಗ ಮತ್ತೊಮ್ಮೆ ಪರೀಕ್ಷೆ. ಅಂದರೆ ತರಬೇತಿ ಮುಗಿದು ಒಂದು ವರ್ಷವಾದ ಮೇಲೆ.

ಆರು ತಿಂಗಳಾದ ಮೇಲೆ

ಮುಖ್ಯ ಅಳತೆಗೋಲು ಎಡಾಸ್-ಕಾಗ್ ಅನ್ನುವ ಪರೀಕ್ಷೆ. ಡಿಮೆನ್ಶಿಯಾ ತರುವ ಮುಖ್ಯ ಕಾಯಿಲೆಯಾದ ಆಲ್ಝೈಮರ್ಸ್‌ನ ಔಷಧಿಗಳ ಪ್ರಯೋಗಗಳಲ್ಲೂ ಇದನ್ನೇ ಬಳಸುತ್ತಾರೆ. ಪದಗಳ ಪಟ್ಟಿ ಓದಿಸಿ ನೆನಪು ಮಾಡಿಸುವುದು, ವಸ್ತು ತೋರಿಸಿ ಹೆಸರು ಕೇಳುವುದು, ಹೇಳಿದಂತೆ ಮಾಡಿಸುವುದು, ಚಿತ್ರ ನಕಲು ಮಾಡಿಸುವುದು, ಇಂಥವೆಲ್ಲ ಅದರಲ್ಲಿವೆ. ತಪ್ಪಿಗೆ ಅಂಕ, ಹಾಗಾಗಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು.

ನಿಜವಾದ ಭಾರ ಎತ್ತಿದವರು ಒಟ್ಟು 49 ಜನ. ಅವರಲ್ಲಿ 24 ಮಂದಿಯ ಅಂಕ ಸಹಜ ಮಟ್ಟಕ್ಕೆ ಬಂದಿತ್ತು. ಅಂದರೆ 49 ಶೇಕಡಾ. ಭಾರ ಎತ್ತದವರು 51 ಜನ. ಅವರಲ್ಲಿ ಸಹಜ ಮಟ್ಟದಲ್ಲಿದ್ದವರು 14, ಅಂದರೆ 27 ಶೇಕಡಾ. ಭಾರ ಎತ್ತದ ಗುಂಪಿನಲ್ಲೂ 14 ಜನ ಹೇಗೆ ಬಂದರು ಅಂತ ಕೇಳಬಹುದು. ಒಂದೇ ಪರೀಕ್ಷೆಯನ್ನು ಎರಡನೇ ಸಲ ಬರೆದರೆ ಯಾರಿಗಾದರೂ ಸ್ವಲ್ಪ ಸುಲಭವಾಗುತ್ತದೆ. ಎಂಸಿಐ ಇರುವ ಕೆಲವರು ತಾವಾಗಿಯೇ ಸುಧಾರಿಸುತ್ತಾರೆ ಕೂಡ. ನಾವು ನೋಡಬೇಕಾದದ್ದು ಆ 27 ಮತ್ತು 49ರ ನಡುವಿನ ಅಂತರವನ್ನು.

ಇನ್ನೊಂದು ಲಾಭ ಯೋಚನಾಶಕ್ತಿಯಲ್ಲಿ ಕಂಡಿತು. ಯೋಜನೆ ಹಾಕುವುದು, ಗಮನ ಬದಲಿಸುವುದು, ಹೊಸ ಸಮಸ್ಯೆಗೆ ದಾರಿ ಹುಡುಕುವುದು, ಇದೆಲ್ಲ ಸೇರಿದ ಶಕ್ತಿಗೆ ಎಕ್ಸಿಕ್ಯುಟಿವ್ ಫಂಕ್ಷನ್ ಅನ್ನುತ್ತಾರೆ. ವಿನ್ಯಾಸವೊಂದರಲ್ಲಿ ಬಿಟ್ಟುಹೋದ ತುಂಡು ಯಾವುದು ಅಂತ ಕಂಡುಹಿಡಿಯುವ ಪರೀಕ್ಷೆಯಲ್ಲಿ ಭಾರ ಎತ್ತಿದವರು ಮುಂದಿದ್ದರು. ಅದು 18 ತಿಂಗಳವರೆಗೂ ಉಳಿಯಿತು. ತರಬೇತಿ ನಿಂತ ಒಂದು ವರ್ಷದ ಮೇಲೂ.

ಕಂಪ್ಯೂಟರ್ ಕಸರತ್ತಿನ ಗತಿ? ನೆನಪಿನ ಇಳಿತವನ್ನು ಆರು ತಿಂಗಳ ಮಟ್ಟಿಗೆ ಅದು ತಡೆಯಿತು, ಅಷ್ಟೇ. ಆಶ್ಚರ್ಯದ ಸಂಗತಿ ಇನ್ನೊಂದಿದೆ. ಭಾರ ಮತ್ತು ಕಂಪ್ಯೂಟರ್ ಎರಡನ್ನೂ ಮಾಡಿದವರಿಗೆ ಎರಡರಷ್ಟು ಲಾಭ ಆಗಲಿಲ್ಲ. ಭಾರ ಮಾತ್ರ ಎತ್ತಿದವರಿಗಿಂತ ಕಡಿಮೆಯೇ ಆಯಿತು. 18 ತಿಂಗಳ ಹೊತ್ತಿಗೆ ಬುದ್ಧಿಶಕ್ತಿಯ ಒಟ್ಟು ಅಳತೆಯಲ್ಲಿ ಭಾರ ಮಾತ್ರ ಎತ್ತಿದ ಗುಂಪಿನ ಏರಿಕೆ 0.45, ಎರಡೂ ಮಾಡಿದವರದು ಅದರ ಸುಮಾರು ಅರ್ಧ, 0.23. ಒಂದರ ಆಯಾಸ ಇನ್ನೊಂದನ್ನು ತಿಂದಿತೋ ಏನೋ, ಕಾರಣ ಈ ಪ್ರಯೋಗದಿಂದ ತಿಳಿಯುವುದಿಲ್ಲ. ಒಳ್ಳೆಯದನ್ನೆಲ್ಲ ಒಟ್ಟಿಗೆ ತುರುಕಿದರೆ ಇನ್ನೂ ಒಳ್ಳೆಯದಾಗುತ್ತದೆ ಅನ್ನುವ ನಮ್ಮ ಲೆಕ್ಕಾಚಾರ ಮಾತ್ರ ಇಲ್ಲಿ ತಪ್ಪಿತು.

ಕಾಲಿನ ಬಲದ ಪಾಲು

ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಭಾಗ. ಅದೇ ತಂಡದ ಯೋರ್ಗಿ ಮಾವ್ರೋಸ್ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನೆ ಕೇಳಿದರು. ಯಾರ ಬುದ್ಧಿಶಕ್ತಿ ಜಾಸ್ತಿ ಸುಧಾರಿಸಿತು? ಜಿಮ್‌ಗೆ ಬಂದ ಎಲ್ಲರದ್ದೂ ಒಂದೇ ಥರವೇ?

ಇಲ್ಲ. ಸ್ನಾಯುವಿನ ಬಲ ಎಷ್ಟು ಹೆಚ್ಚಾಯಿತೋ ಬುದ್ಧಿಶಕ್ತಿಯ ಸುಧಾರಣೆಯೂ ಅದಕ್ಕೆ ತಕ್ಕಂತೆ ಇತ್ತು. ಈ ತರಬೇತಿಯಿಂದ ಅವರ ಉಸಿರಿನ ತಾಕತ್ತೂ ಏರಿತ್ತು, ಅಂದರೆ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ. ಆದರೆ ಆ ಏರಿಕೆಗೂ ತಲೆಯ ಸುಧಾರಣೆಗೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಬಲದ ಜೊತೆ, ಅದರಲ್ಲೂ ಕಾಲಿನ ಬಲದ ಜೊತೆ. ಅಂಕಿಅಂಶದ ಲೆಕ್ಕದಲ್ಲಿ ಭಾರದ ತರಬೇತಿಯ ಪರಿಣಾಮ ಮಿದುಳಿನ ಅಂಕವನ್ನು ತಲುಪಿದ್ದು ಕಾಲಿನ ಬಲದ ಮೂಲಕವೇ.

ಇದರ ಅರ್ಥ ದೊಡ್ಡದು. ಹಾಜರಿ ಹಾಕಿ ಹಗುರ ಡಂಬೆಲ್ ಆಡಿಸಿ ಬಂದರೆ ಸಾಲದು. ಬಲ ನಿಜವಾಗಿ ಏರಬೇಕು. ಅದು ಏರಬೇಕಾದರೆ ಭಾರ ಸಾಕಷ್ಟಿರಬೇಕು, ಮತ್ತು ಹೆಚ್ಚುತ್ತಾ ಹೋಗಬೇಕು. ನಮ್ಮಲ್ಲಿ ಹಿರಿಯರಿಗೆ ಅಂತ ನಡೆಸುವ ಎಷ್ಟೋ ವ್ಯಾಯಾಮದ ತರಗತಿಗಳು ಸ್ಮಾರ್ಟ್ ಪ್ರಯೋಗದ ತೋರಿಕೆಯ ಗುಂಪಿನ ಹಾಗೆ ಇರುತ್ತವೆ ಅನ್ನುವುದು ನನ್ನ ದೊಡ್ಡ ಬೇಸರ. ಕುರ್ಚಿಯಲ್ಲಿ ಕೂತು ಕೈ ಮೇಲೆ, ಕೈ ಕೆಳಗೆ. ಕೀಲುಗಳಿಗೆ ಅದರಿಂದ ಒಳ್ಳೆಯದೇ. ಆದರೆ ಬಲ ಏರುವುದಿಲ್ಲ.

ಕಾಲಿನ ವಿಷಯಕ್ಕೆ ಬೇರೆ ಕಡೆಯಿಂದಲೂ ಒಂದು ಸಾಕ್ಷಿ ಇದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 324 ಮಂದಿ ಅವಳಿ ಹೆಂಗಸರನ್ನು ಹತ್ತು ವರ್ಷ ಹಿಂಬಾಲಿಸಿದರು. ಶುರುವಿನಲ್ಲಿ ಯಾರ ಕಾಲಿಗೆ ಕಸುವು ಜಾಸ್ತಿ ಇತ್ತೋ ಅವರ ಬುದ್ಧಿಶಕ್ತಿ ಹತ್ತು ವರ್ಷದ ನಂತರ ಕಡಿಮೆ ಕುಂದಿತ್ತು. ಅವಳಿಗಳಾದ್ದರಿಂದ ಹುಟ್ಟು, ಬಾಲ್ಯದ ಮನೆ, ಬೆಳೆದ ರೀತಿ ಬಹುಪಾಲು ಒಂದೇ. ಆದರೂ ವ್ಯತ್ಯಾಸ ಉಳಿಯಿತು. ಇದು ಪ್ರಯೋಗವಲ್ಲ, ಬರೀ ಗಮನಿಸಿದ್ದು. ಕಾಲಿನ ಕಸುವೇ ಕಾರಣ ಅಂತ ಇದೊಂದರಿಂದಲೇ ಹೇಳಲಾಗದು. ಆದರೆ ಸಿಡ್ನಿಯ ಪ್ರಯೋಗದ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ದಿಕ್ಕಿಗೆ ತಿರುಗಿವೆ.

ಸ್ನಾಯುವಿಗೂ ಮಿದುಳಿಗೂ ನಂಟು ಹೇಗೆ? ಬಲವಾಗಿ ಕೆಲಸ ಮಾಡುವ ಸ್ನಾಯು ರಕ್ತಕ್ಕೆ ಹಲವು ವಸ್ತುಗಳನ್ನು ಬಿಡುತ್ತದೆ. ಅವು ದೇಹವೆಲ್ಲ ಓಡಾಡುತ್ತವೆ. ನರಕೋಶಗಳ ಬೆಳವಣಿಗೆಗೆ ನೆರವಾಗುವ ಐಜಿಎಫ್-1 ಅಂಥದ್ದೊಂದು. ಬ್ರೆಜಿಲ್‌ನಲ್ಲಿ 65ರಿಂದ 75 ವರ್ಷದ 62 ಗಂಡಸರಿಗೆ 24 ವಾರ ಭಾರದ ತರಬೇತಿ ಕೊಟ್ಟ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರ ರಕ್ತದಲ್ಲಿ ಐಜಿಎಫ್-1 ಏರಿತ್ತು, ನೆನಪಿನ ಪರೀಕ್ಷೆಗಳಲ್ಲೂ ಮುಂದಿದ್ದರು. ಇನ್ನೊಂದು ದಾರಿ ಸಕ್ಕರೆಯದು. ಊಟವಾದ ಮೇಲೆ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಸ್ನಾಯು. ಸ್ನಾಯು ಸೊರಗಿದರೆ ಸಕ್ಕರೆ ಹಿಡಿತ ತಪ್ಪುತ್ತದೆ. ಸಕ್ಕರೆ ಕಾಯಿಲೆ ಡಿಮೆನ್ಶಿಯಾದ ಅಪಾಯವನ್ನು ಹೆಚ್ಚಿಸುತ್ತದೆ ಅನ್ನುವುದು ಈಗ ಗಟ್ಟಿಯಾಗಿ ಗೊತ್ತಿರುವ ಸಂಗತಿ. ಮನೆಮನೆಯಲ್ಲೂ ಶುಗರ್ ಮಾತ್ರೆ ಇರುವ ನಮ್ಮ ನಾಡಿನಲ್ಲಿ ಈ ಎರಡನೇ ದಾರಿಯ ಬಗ್ಗೆ ಜಾಸ್ತಿ ಯೋಚಿಸಬೇಕು.

ಎಂಆರ್‌ಐ ತೋರಿಸಿದ್ದು

ಸ್ಮಾರ್ಟ್‌ನಲ್ಲಿ ಭಾಗವಹಿಸಿದವರ ಮಿದುಳಿನ ಚಿತ್ರಗಳನ್ನೂ ತೆಗೆದಿದ್ದರು. ನೆನಪಿಗೆ ಆಸರೆಯಾದ ಹಿಪ್ಪೋಕ್ಯಾಂಪಸ್ ಅನ್ನುವ ಭಾಗ ಆಲ್ಝೈಮರ್ಸ್‌ನಲ್ಲಿ ಬೇಗ ಕುಗ್ಗುತ್ತದೆ. ಮೈಕೆಲ್ ವಲೆನ್ಜುವೆಲಾ ಅವರ ತಂಡ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಆ ಭಾಗದ ಒಳಗಿನ ಸಣ್ಣ ಸಣ್ಣ ತುಣುಕುಗಳನ್ನು ಬೇರೆ ಬೇರೆಯಾಗಿ ಅಳೆಯಿತು. ಭಾರದ ತರಬೇತಿ ಪಡೆಯದವರಲ್ಲಿ ಅವು 18 ತಿಂಗಳಲ್ಲಿ 3ರಿಂದ 4 ಶೇಕಡಾ ಕುಗ್ಗಿದ್ದವು. ತರಬೇತಿ ಪಡೆದವರಲ್ಲಿ 1ರಿಂದ 2 ಶೇಕಡಾ. ಕೆಲವು ತುಣುಕುಗಳು ಕುಗ್ಗಿರಲೇ ಇಲ್ಲ.

ಭಾರ ಎತ್ತಿದ್ದು ಆರು ತಿಂಗಳು ಮಾತ್ರ, ಚಿತ್ರ ತೆಗೆದದ್ದು ಅದಾಗಿ ಒಂದು ವರ್ಷಕ್ಕೆ. ಬಾಸ್ಟನ್‌ನ ತೊಂಬತ್ತರ ಹಿರಿಯರ ಸ್ನಾಯುಬಲ ನಾಲ್ಕು ವಾರದಲ್ಲಿ ಕರಗತೊಡಗಿತ್ತು ಅಂತ ಹೇಳಿದ್ದೆನಲ್ಲ, ಅದರ ಜೊತೆ ಇದನ್ನು ಇಟ್ಟು ನೋಡಿ. ಮಿದುಳಿಗೆ ಸಿಕ್ಕ ರಕ್ಷಣೆ ಅಷ್ಟು ಬೇಗ ಹೋಗಲಿಲ್ಲ. ಹಾಗಂತ ಆರು ತಿಂಗಳು ಮಾಡಿ ಬಿಟ್ಟುಬಿಡಬಹುದು ಅಂತ ಅಲ್ಲ. ಬಲ ಹೋದಮೇಲೆ ಆ ರಕ್ಷಣೆ ಎಷ್ಟು ದಿನ ಉಳಿದೀತು ಅಂತ ಈ ಪ್ರಯೋಗ 18 ತಿಂಗಳ ಆಚೆ ನೋಡಿಲ್ಲ.

ಅತಿಯಾಗಿ ನಂಬುವ ಮೊದಲು

ಈ ಪ್ರಕರಣವನ್ನು ಪವಾಡದ ಹಾಗೆ ಹೇಳುವುದು ಅನ್ಯಾಯ. ನೂರು ಜನ ಅಂದರೆ ಸಣ್ಣ ಸಂಖ್ಯೆ. ಎಡಾಸ್-ಕಾಗ್‌ನ ಮೇಲೆ ಭಾರದ ತರಬೇತಿಯ ಪರಿಣಾಮದ ಅಂದಾಜು 0.33. ಇದು ಸಾಧಾರಣ ಮಟ್ಟದ್ದು, ಮತ್ತು ಅದರ ಅನಿಶ್ಚಿತತೆಯ ಅಂಚು ಸೊನ್ನೆಯನ್ನು ದಾಟಿ ಆಚೆಗೂ ಒಂದಿಷ್ಟು ಹೋಗುತ್ತದೆ, ಅಂದರೆ ಪರಿಣಾಮವೇ ಇಲ್ಲದಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಬೇರೆ ಕಡೆಯ ಫಲಿತಾಂಶಗಳೂ ಇವೆ. ಕೆನಡಾದ ವ್ಯಾಂಕೂವರ್‌ನಲ್ಲಿ ತೆರೇಸಾ ಲ್ಯು-ಆಂಬ್ರೋಸ್ ಅವರ ತಂಡ 65ರಿಂದ 75 ವರ್ಷದ 155 ಹೆಂಗಸರಿಗೆ ಒಂದು ವರ್ಷ ತರಬೇತಿ ಕೊಟ್ಟಿತು. ಒಂದು ಗುಂಪಿಗೆ ವಾರಕ್ಕೆ ಒಂದು ಸಲ ಭಾರ, ಇನ್ನೊಂದಕ್ಕೆ ಎರಡು ಸಲ, ಮೂರನೆಯದಕ್ಕೆ ಸಮತೋಲನದ ಹಗುರ ವ್ಯಾಯಾಮ. 2010ರಲ್ಲಿ ಫಲಿತಾಂಶ ಬಂತು. ಅವರು ಬಳಸಿದ್ದು ಸ್ಟ್ರೂಪ್ ಪರೀಕ್ಷೆ. 'ಕೆಂಪು' ಅನ್ನುವ ಪದವನ್ನು ನೀಲಿ ಶಾಯಿಯಲ್ಲಿ ಬರೆದಿರುತ್ತಾರೆ. ಪದ ಓದದೆ ಶಾಯಿಯ ಬಣ್ಣ ಹೇಳಬೇಕು. ಬಾಯಿಗೆ ಬಂದದ್ದನ್ನು ತಡೆದು ಬೇಕಾದ್ದನ್ನು ಹೇಳುವ ಶಕ್ತಿ ಇದರಲ್ಲಿ ತಿಳಿಯುತ್ತದೆ. ವಾರಕ್ಕೊಮ್ಮೆ ಭಾರ ಎತ್ತಿದವರು 12.6 ಶೇಕಡಾ, ಎರಡು ಸಲ ಎತ್ತಿದವರು 10.9 ಶೇಕಡಾ ಸುಧಾರಿಸಿದರು. ಹಗುರ ವ್ಯಾಯಾಮದವರು 0.5 ಶೇಕಡಾ ಹಿಂದೆ ಬಿದ್ದರು. ಇಷ್ಟು ಕೇಳಲು ಚೆಂದ. ಆದರೆ ಅದೇ ಪ್ರಯೋಗದಲ್ಲಿ ಭಾರ ಎತ್ತಿದ ಎರಡೂ ಗುಂಪಿನವರ ಮಿದುಳಿನ ಒಟ್ಟು ಗಾತ್ರ ಮೂರನೇ ಗುಂಪಿಗಿಂತ ತುಸು ಕಡಿಮೆಯಾಗಿತ್ತು. ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಸಂಶೋಧಕರು ಇದನ್ನು ಮುಚ್ಚಿಡದೆ ಬರೆದರು. ಮುಂದೆ ಅದೇ ಹೆಂಗಸರ ಮಿದುಳಿನ ಬಿಳಿ ಭಾಗದ ಗಾಯಗಳನ್ನು ಅಳೆದಾಗ, ವಾರಕ್ಕೆ ಎರಡು ಸಲ ಎತ್ತಿದವರಲ್ಲಿ ಅವು ಕಡಿಮೆ ಹರಡಿದ್ದವು.

ಎಲ್ಲಕ್ಕಿಂತ ಗಂಭೀರವಾದ ಎಚ್ಚರಿಕೆ ಇಂಗ್ಲೆಂಡಿನದು. ಅಲ್ಲಿ ಡಿಮೆನ್ಶಿಯಾ ಆಗಲೇ ಬಂದಿದ್ದ 494 ಜನರ ಮೇಲೆ ಡಾಪಾ ಅನ್ನುವ ಪ್ರಯೋಗ ನಡೆಯಿತು. ನಾಲ್ಕು ತಿಂಗಳು ಏರೋಬಿಕ್ ಮತ್ತು ಭಾರದ ವ್ಯಾಯಾಮ. 2018ರಲ್ಲಿ ಬಂದ ಫಲಿತಾಂಶ ನಿರಾಸೆಯದು. ದೇಹದ ತಾಕತ್ತು ಏರಿತು, ಆದರೆ ಡಿಮೆನ್ಶಿಯಾ ನಿಧಾನವಾಗಲಿಲ್ಲ. ಹನ್ನೆರಡು ತಿಂಗಳಿಗೆ ಎಡಾಸ್-ಕಾಗ್ ಅಂಕ ವ್ಯಾಯಾಮ ಮಾಡಿದವರಲ್ಲಿ 25.2, ಮಾಡದವರಲ್ಲಿ 23.8. ಅಂದರೆ ಮಾಡಿದವರೇ ಚೂರು ಹಿಂದೆ.

ಸಿಡ್ನಿಯ ಮತ್ತು ಇಂಗ್ಲೆಂಡಿನ ಪ್ರಯೋಗ ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ತೋರುವುದು ಇದು. ಭಾರದ ತರಬೇತಿಗೆ ಒಂದು ಕಾಲ ಇದೆ. ಮರೆವು ಇನ್ನೂ ಎಂಸಿಐ ಹಂತದಲ್ಲಿರುವಾಗ, ಅಥವಾ ಅದಕ್ಕೂ ಮೊದಲು, ಅದರಿಂದ ತಲೆಗೆ ಉಪಯೋಗ ಆಗಬಹುದು. ಕಾಯಿಲೆ ಪೂರ್ತಿ ಬೇರುಬಿಟ್ಟ ಮೇಲೆ ತಲೆಗಾಗಿ ಅಂತ ಇದನ್ನು ಮಾಡಿಸುವುದಕ್ಕೆ ಸಾಕ್ಷಿ ಇಲ್ಲ. ಡಿಮೆನ್ಶಿಯಾ ಇರುವ ತಂದೆಯನ್ನು ಜಿಮ್‌ಗೆ ಎಳೆದು ಒತ್ತಾಯ ಮಾಡುವವರಿಗೆ ಇದನ್ನು ಹೇಳಲೇಬೇಕು. ಅವರಿಗೆ ಇಷ್ಟವಿದ್ದರೆ ನಡೆದಾಡಲು, ಬೀಳದಿರಲು ವ್ಯಾಯಾಮ ಒಳ್ಳೆಯದು. ಮರೆವು ಮರಳಿ ಹೋಗುತ್ತದೆ ಅನ್ನುವ ಆಸೆಯಿಂದ ಅವರನ್ನು ಹಿಂಸೆ ಮಾಡಬೇಡಿ.

ನಮ್ಮ ಕಡೆಗೆ ತಿರುಗಿದರೆ

ಭಾರತದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ ಜನರಿಗೆ ಡಿಮೆನ್ಶಿಯಾ ಇದೆ, ಅಂದರೆ ಸುಮಾರು 88 ಲಕ್ಷ ಮಂದಿ ಅನ್ನುವುದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾಗುವ ಮಿದುಳನ್ನು ವರ್ಷಗಟ್ಟಲೆ ಹಿಂಬಾಲಿಸುವ ದೊಡ್ಡ ಅಧ್ಯಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ನಡೆಸುತ್ತಿದೆ. ಸಿಡ್ನಿಯಂಥ ಭಾರದ ಪ್ರಯೋಗವೂ ನಮ್ಮ ಹಳ್ಳಿಯ ಹಿರಿಯರ ನಡುವೆ ನಡೆಯಲಿ ಅನ್ನುವುದು ನನ್ನ ಆಸೆ.

ಹಳ್ಳಿಯ ಮಾತು ಬಂದಾಗ ಒಂದು ಪ್ರಶ್ನೆ ಏಳುತ್ತದೆ. ಜೀವನವಿಡೀ ಬಿಂದಿಗೆ ಹೊತ್ತ, ಸೌದೆ ಹೊತ್ತ, ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದ ಅಜ್ಜಿಗೆ ಲೆಗ್ ಪ್ರೆಸ್ ಯಾಕೆ? ನ್ಯಾಯವಾದ ಪ್ರಶ್ನೆ. ದುಡಿದ ಮೈ ಗಟ್ಟಿ, ನಿಜ. ಆದರೆ ದುಡಿಮೆಯ ಭಾರ ದಿನಾ ಒಂದೇ, ಬಲಕ್ಕೆ ತಕ್ಕಂತೆ ಏರಿಸಿ ಇಳಿಸುವವರಿಲ್ಲ, ಮೈ ಸುಧಾರಿಸಿಕೊಳ್ಳಲು ಬಿಡುವಿಲ್ಲ. ಅದಕ್ಕಿಂತ ದೊಡ್ಡ ಸಂಗತಿ, ಆ ದುಡಿಮೆ ಒಂದು ದಿನ ಥಟ್ಟನೆ ನಿಲ್ಲುತ್ತದೆ. ತಾತ ತೀರಿಕೊಂಡ ಮೇಲೆ ಅಜ್ಜಿ ಮಗನ ಮನೆಗೆ, ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟ್‌ಗೆ ಬರುತ್ತಾರೆ. ಲಿಫ್ಟ್ ಇದೆ, ಮಿಕ್ಸಿ ಇದೆ, ಕೆಲಸದವರಿದ್ದಾರೆ. ಎತ್ತಲು ಏನೂ ಇಲ್ಲ. ಎರಡು ವರ್ಷದಲ್ಲಿ ಸೋಫಾದಿಂದ ಏಳಲು ಕೈ ಊರಬೇಕಾಗುತ್ತದೆ. ಅದೇ ಹೊತ್ತಿಗೆ ಮಾತು ಮರೆಯುವುದೂ ಶುರುವಾಗಿರುತ್ತದೆ. ನಾವು ಮರೆವಿಗೆ ಡಾಕ್ಟರ್ ಹುಡುಕುತ್ತೇವೆ, ಕಾಲನ್ನು ನೋಡುವುದೇ ಇಲ್ಲ.

'ಮೂಳೆ ಮುರಿದರೆ?' ಅನ್ನುವ ಭಯ ಸಹಜ. ಆಸ್ಟ್ರೇಲಿಯಾದ್ದೇ ಇನ್ನೊಂದು ಪ್ರಯೋಗ, ಲಿಫ್ಟ್‌ಮೋರ್, ಇದಕ್ಕೆ ಉತ್ತರ ಕೊಟ್ಟಿದೆ. ಮುಟ್ಟು ನಿಂತ, ಮೂಳೆ ಸವೆದ 101 ಹೆಂಗಸರು ಅದರಲ್ಲಿದ್ದರು. ಒಂದು ಗುಂಪು ವಾರಕ್ಕೆ ಎರಡು ಸಲ, ಅರ್ಧ ಗಂಟೆ, ತಜ್ಞರ ಕಣ್ಣೆದುರು ಭಾರೀ ತೂಕ ಎತ್ತಿತು. ಎಂಟು ತಿಂಗಳಿಗೆ ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ 2.9 ಶೇಕಡಾ ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು 1.2 ಶೇಕಡಾ ಇಳಿಯಿತು. ತಜ್ಞರ ಕಣ್ಣೆದುರು ಅನ್ನುವ ಮಾತನ್ನು ಮಾತ್ರ ಬಿಡಬೇಡಿ. ಯೂಟ್ಯೂಬ್ ನೋಡಿ ತಾಯಿಗೆ ಡೆಡ್‌ಲಿಫ್ಟ್ ಕಲಿಸುವುದು ಬೇಡ.

ಶುರು ಮಾಡುವ ಮೊದಲು ಡಾಕ್ಟರ್ ಹತ್ತಿರ ಹೋಗಲೇಬೇಕಾದವರಿದ್ದಾರೆ: ಬಿಪಿ ಹತೋಟಿಯಲ್ಲಿ ಇಲ್ಲದವರು, ಎದೆನೋವು ಈಚೆಗೆ ಜಾಸ್ತಿಯಾದವರು, ಹೃದಯದ ಕವಾಟ ಕಿರಿದಾದವರು, ಹರ್ನಿಯಾ ಇರುವವರು, ಈಚೆಗೆ ಕಣ್ಣಿನ ಆಪರೇಷನ್ ಆದವರು. ಭಾರ ಎತ್ತುವಾಗ ಉಸಿರು ಕಟ್ಟಬಾರದು, ಬಿಪಿ ಒಮ್ಮೆಲೇ ಏರುತ್ತದೆ. ತಳ್ಳುವಾಗ ಉಸಿರು ಹೊರಗೆ, ಬಿಡುವಾಗ ಒಳಗೆ.

ಮನೆಯಲ್ಲೇ ಶುರು ಮಾಡುವುದಾದರೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಒಳ್ಳೆಯ ಮೊದಲ ಹೆಜ್ಜೆ. ಎಂಟು ಸಲ ಸಲೀಸಾದರೆ ಎದೆಗೆ ಒಂದು ಅಕ್ಕಿ ಚೀಲ ಅವುಚಿಕೊಂಡು ಏಳಲಿ. ಮೊದಲು ಎರಡು ಕೆಜಿ, ಆಮೇಲೆ ಮೂರು, ಐದು. ಏರಿಸುವುದನ್ನು ನಿಲ್ಲಿಸಿದ ದಿನ ಅದು ತರಬೇತಿಯಾಗಿ ಉಳಿಯುವುದಿಲ್ಲ. ಊಟದ ತಟ್ಟೆಯನ್ನೂ ನೋಡಿ. ಮುದ್ದೆ, ತಿಳಿಸಾರು, ಒಂದು ಲೋಟ ಮಜ್ಜಿಗೆಯಿಂದ ಸ್ನಾಯು ಕಟ್ಟಲಾಗದು. ದೇಹದ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ವೃದ್ಧರ ಆಹಾರ ತಜ್ಞರು ಹೇಳುತ್ತಾರೆ. ಗಟ್ಟಿ ಬೇಳೆ, ಮೊಳಕೆ ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ಮೂತ್ರಪಿಂಡದ ತೊಂದರೆ ಇರುವವರು ಇದನ್ನು ಡಾಕ್ಟರ್ ಕೇಳಿಯೇ ಮಾಡಬೇಕು.

ಫಿಸಿಯೊಥೆರಪಿಸ್ಟ್ ಅಥವಾ ಜಿಮ್ ತರಬೇತುದಾರರ ಹತ್ತಿರ ಹೋದಾಗ ಮನೆಯವರು ಈ ಮೂರನ್ನು ಕೇಳಿ. ಅಮ್ಮನ ಈಗಿನ ಕಾಲಿನ ಬಲ ಎಷ್ಟು ಅಂತ ಅಳೆದು ಬರೆದಿಡುತ್ತೀರಾ? ಭಾರವನ್ನು ಯಾವಾಗ, ಯಾವ ಲೆಕ್ಕದಲ್ಲಿ ಏರಿಸುತ್ತೀರಿ? ಮೂರು ತಿಂಗಳಾದ ಮೇಲೆ ಮತ್ತೆ ಅಳೆಯುತ್ತೀರಾ? ಮೂರಕ್ಕೂ ನೇರ ಉತ್ತರ ಕೊಡುವವರ ಹತ್ತಿರ ವಾರಕ್ಕೆ ಎರಡು ದಿನ ಕಳಿಸಿ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅಂತ 2020ರಲ್ಲೇ ಹೇಳಿದೆ.